ಏಳಬಾರದ ಸೀಟು

ಫೆಬ್ರವರಿ 24, ಶನಿವಾರ

ಸೋತೆವು. ನಮ್ಮದೇ ಅಂಗಳ, ಕಾಲೇಜು ಬಾಸ್ಕೆಟ್‌ಬಾಲ್ ಲೀಗಿನ ಕೊನೆಯ ಪಂದ್ಯ, ಎದುರಿಗೆ ಪಟ್ಟಿಯ ಕಟ್ಟಕಡೆಯ ತಂಡ. ಆದರೂ ಸೋತೆವು. ಕೋಚ್ ಹೊಸ ಟೈ ಕಟ್ಟಿಕೊಂಡು ಮದುವೆ ಗಂಡಿನ ಹಾಗೆ ನಿಂತಿದ್ದ. ಆಟ ಮುಗಿದ ಮೇಲೆ ರೇಡಿಯೋದವರಿಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿದ. ಹುಡುಗರು ಕಲಿಯುತ್ತಿದ್ದಾರಂತೆ. ಮಾರ್ಚ್ ಹತ್ತಿರ ಬಂತು, ಇನ್ನೂ ಕಲಿಯುತ್ತಿದ್ದಾರೆ!

ಆದರೆ ತಪ್ಪು ಅವನದಲ್ಲ. ಪಕ್ಕದ ಸೀಟಿನದು. ವರ್ಲಿನ್ ಬಂದಿರಲಿಲ್ಲ. ಅವನ ಜಾಗದಲ್ಲಿ ಡಾರ್ಲಾ ಕೂತಿದ್ದಳು. ಜಿಮ್‌ನ ಪಾಪ್‌ಕಾರ್ನ್ ಕೌಂಟರಿನವಳು, ನನ್ನ ಗಂಡನಾಗಿದ್ದ ಅವನನ್ನು ಹೊಡೆದುಕೊಂಡು ಹೋದವಳು.

ವಿಚ್ಛೇದನವಾಗಿ ಹನ್ನೊಂದು ವರ್ಷ. ಮನೆ ನನಗೆ, ದೋಣಿ ಅವನಿಗೆ, ನಾಯಿ ನನಗೆ. ಪಂದ್ಯ ನಡೆಯುವ ಡನ್‌ಮೋರ್ ಕಾಲೇಜಿನ ಜಿಮ್‌ನಲ್ಲಿ ನಾಲ್ಕನೇ ಸಾಲಿನ ಜೋಡಿ ಸೀಟುಗಳನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಕೊನೆಗೆ ಜಡ್ಜ್ ತಲೆ ಚಚ್ಚಿಕೊಂಡು ತಲೆಗೊಂದು ಅಂದರು. ಅಂದಿನಿಂದ ಪ್ರತಿ ಪಂದ್ಯಕ್ಕೂ ಪಕ್ಕಪಕ್ಕ. ಅವನ ಎಡಕ್ಕೆ ನಾನು. ಮಾತಿಲ್ಲ, ಕತೆಯಿಲ್ಲ. ನಡುವೆ ಇರುವುದು ಒಂದೇ ಕೈಯೊರಗು, ಅದಕ್ಕಾಗಿ ಇಡೀ ಆಟ ಮೊಣಕೈ ಯುದ್ಧ. ನಾನು ತಳ್ಳುವುದು, ಅವನು ತಳ್ಳುವುದು. ಒಂದು ದಿನವೂ ಬಿಟ್ಟುಕೊಟ್ಟ ಆಸಾಮಿಯಲ್ಲ.

"ಎಲ್ಲಿ ಸತ್ತ ಅವ್ನು?" ಅಂದೆ ಡಾರ್ಲಾಗೆ.

"ಹುಷಾರಿಲ್ಲ. ಎದೆ ಡಾಕ್ಟ್ರು ಉದ್ವೇಗ ಆಗ್ಬಾರ್ದು ಅಂದಿದಾರೆ."

"ನಮ್ಮ ಹುಡುಗ್ರ ಆಟ ನೋಡಿದ್ರೆ ಉದ್ವೇಗ ಆಗಲ್ಲ, ನಿದ್ದೆ ಬರತ್ತೆ. ಕಳಿಸು ಅವನನ್ನ."

"ರೋವೀನಾ ಅವ್ರೇ, ಸ್ವಲ್ಪ ಕಾಲು ತೆಗೀರಿ. ಪಾಪ್‌ಕಾರ್ನ್ ಇಡ್ಬೇಕು."

ಇಡೀ ಆಟ ಕಚಕಚ ಅಂತ ತಿಂದಳು. ಸೋಲದೆ ಇನ್ನೇನು.

ಫೆಬ್ರವರಿ 25

ನಿದ್ದೆಯಿಲ್ಲ. ಕೂತು ನೆನಪು ಮಾಡಿಕೊಂಡೆ. ಈ ವರ್ಷ ನಮ್ಮಂಗಳದಲ್ಲಿ ಸೋತದ್ದು ಮೂರೇ ಪಂದ್ಯ. ಮೂರರಲ್ಲೂ ಆ ಸೀಟಿನಲ್ಲಿ ವರ್ಲಿನ್ ಇರಲಿಲ್ಲ. ಒಮ್ಮೆ ಡಾರ್ಲಾಳ ತಮ್ಮ, ಒಮ್ಮೆ ಖಾಲಿ, ನಿನ್ನೆ ಇವಳು.

ಛೇ. ಯಾರನ್ನು ಕಂಡರೆ ಮೈ ಉರಿಯುತ್ತದೋ ಅವನೇ ಬೇಕಾಯಿತು.

ಫೆಬ್ರವರಿ 28, ಬುಧವಾರ

ಟಾನ್ಯಾ ಫೋನ್ ಮಾಡಿದ್ದಳು. ಮಗಳಿಗೆ ಡಾರ್ಲಾ ಏನೋ ಊದಿದ್ದಾಳೆ.

"ಅಮ್ಮ, ನೀನು ಅಪ್ಪನ್ನ ಆಟಕ್ಕೆ ಕರ್ಕೊಂಡು ಹೋಗ್ತೀಯಂತೆ?"

"ನಾನ್ಯಾಕೆ ಕರ್ಕೊಂಡು ಹೋಗ್ಲಿ? ಬರ್ತೀನಿ ಅಂದ್ರೆ ಗಾಡೀಲಿ ಹತ್ತಿಸ್ಕೋತೀನಿ."

"ಆಪರೇಷನ್ ಆಗೋ ತನಕ ಅಲುಗಾಡ್ಬಾರ್ದು ಅಂದಿದಾರೆ. ನಿನಗೆ ತಲೆ ಕೆಟ್ಟಿದೆಯಾ?"

"ನೀನು ಹುಟ್ಟಿದ್ದೇ ಆ ಸೀಟಿನ ಪುಣ್ಯದಲ್ಲಿ, ಗೊತ್ತಿರ್ಲಿ."

ಫೋನ್ ಕುಕ್ಕಿದಳು. ಸುಳ್ಳೇನು ಹೇಳಿದೆ? ಡನ್‌ಮೋರ್ ರಾಷ್ಟ್ರೀಯ ಪಂದ್ಯಾವಳಿಗೆ ಹೋದದ್ದು ಒಂದೇ ಸಲ, ಟಾನ್ಯಾ ಹುಟ್ಟಿದ ವರ್ಷ. ಲೀಗಿನ ಫೈನಲ್. ದ್ವಿತೀಯಾರ್ಧದಲ್ಲಿ ನನಗೆ ಹೆರಿಗೆ ನೋವು ಶುರು. ವರ್ಲಿನ್ ಎದ್ದು ನಿಂತು ಕಾರಿನ ಕೀ ತಡಕಿದ. ಅವನು ಎದ್ದ ತಕ್ಷಣ ಎದುರಿನವರು ಸಾಲಾಗಿ ಎರಡು ಸಲ ಬುಟ್ಟಿಗೆ ಚೆಂಡು ಹಾಕಿದರು. "ಕೂತ್ಕೊಳ್ಳೋ ಮುಂಡೇದೇ" ಅಂದೆ. ಕೂತ. ಹಲ್ಲು ಕಚ್ಚಿಕೊಂಡು ಆಟ ಮುಗಿದ ಸೈರನ್ ಕೂಗುವವರೆಗೆ ಕೂತೆವು. ಗೆದ್ದೆವು. ಟಾನ್ಯಾ ಆಸ್ಪತ್ರೆಯ ಲಿಫ್ಟಿನಲ್ಲಿ ಹುಟ್ಟಿದಳು.

ಅವತ್ತಿನಿಂದ ನಿಯಮ. ಆಟ ಬಿಗಿಯಾಗಿದ್ದಾಗ ಆ ಎರಡು ಸೀಟಿನಿಂದ ಯಾರೂ ಏಳಬಾರದು. ನೀರಿಗೂ ಇಲ್ಲ, ಬಾತ್‌ರೂಮಿಗೂ ಇಲ್ಲ. ವಿಚ್ಛೇದನವಾದ ಮೇಲೂ ಇಬ್ಬರೂ ಪಾಲಿಸಿದ ಒಂದೇ ವ್ರತ ಅದು.

ಮಾರ್ಚ್ 2, ಶನಿವಾರ

ಲೀಗಿನ ಕ್ವಾರ್ಟರ್‌ಫೈನಲ್. ಪಟ್ಟಿಯಲ್ಲಿ ಎರಡನೆಯವರು ನಾವು, ಹಾಗಾಗಿ ನಮ್ಮ ಜಿಮ್‌ನಲ್ಲೇ. ಇಲ್ಲಿಂದ ಮೂರು ಗೆದ್ದರೆ ರಾಷ್ಟ್ರೀಯ ಪಂದ್ಯಾವಳಿ. ಒಂದು ಸೋತರೆ ಮನೆ.

ಪಿಕಪ್ ತೆಗೆದುಕೊಂಡು ಅವನ ಮನೆಗೆ ಹೋದೆ. ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ ಓಡಿಸಿದವಳು ನಾನು. ಹಾರ್ನ್ ಹೊಡೆಯುವುದು ಯಾರಾದರೂ ನನ್ನಿಂದ ಕಲಿಯಬೇಕು. ಡಾರ್ಲಾ ಬಾಗಿಲಿಗೆ ಅಡ್ಡ ನಿಂತಳು.

"ನಿಮಗೆ ಮನುಷ್ಯತ್ವ ಇದೆಯಾ?"

"ಇತ್ತು. ನೀನು ಬಂದ್ಮೇಲೆ ಹೋಯ್ತು."

ಅವಳ ಬೆನ್ನ ಹಿಂದಿನಿಂದ ವರ್ಲಿನ್ ಬಂದ. ಹಸಿರು ಜರ್ಸಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಎಷ್ಟು ಹೊತ್ತಿನಿಂದ ಕಾಯುತ್ತಿದ್ದನೋ. ಇಳಿದುಹೋಗಿದ್ದಾನೆ. ಕತ್ತು ಕಾಲರಿನಲ್ಲಿ ತೇಲುತ್ತಿದೆ.

ಹನ್ನೊಂದು ವರ್ಷದ ಮೇಲೆ ನನ್ನ ಗಾಡಿ ಹತ್ತಿದ. ಮೊದಲ ಮಾತು, "ಇನ್ನೂ ಕ್ಲಚ್ ತುಳ್ಕೊಂಡೇ ಓಡಿಸ್ತೀಯಾ?"

"ಇಳಿದು ನಡೀತೀಯಾ?"

ಗೆದ್ದೆವು, ಆರಾಮವಾಗಿ. ಕೈಯೊರಗು ಮೂರು ಸಲ ಕಿತ್ತುಕೊಂಡ, ಹಾಳಾದವನು.

ಮಾರ್ಚ್ 5, ಮಂಗಳವಾರ, ರಾತ್ರಿ

ಸೆಮಿಫೈನಲ್ ಗೆದ್ದೆವು!! ಎರಡೇ ಅಂಕ. ಕೊನೆಯಲ್ಲಿ ಕೂಟ್ಸ್ ಹಾಕಿದ. ನಾಲ್ಕು ವರ್ಷದಿಂದ ಆಡುತ್ತಿರುವ ಹುಡುಗ, ಇಲ್ಲೇ ಪಕ್ಕದ ಊರಿನ ಹಂದಿ ಸಾಕುವವರ ಮಗ. ನನ್ನ ಬಸ್ಸಿನಲ್ಲೇ ಸ್ಕೂಲಿಗೆ ಹೋಗುತ್ತಿದ್ದ. ಆಗಲೇ ಯಾರ ಮಾತೂ ಕೇಳುತ್ತಿರಲಿಲ್ಲ. ಅದಕ್ಕೇ ಇಷ್ಟ.

ಇನ್ನೊಂದು ಸೆಮಿಯಲ್ಲಿ ಮೊದಲ ಸ್ಥಾನದವರನ್ನು ಗ್ರೇಡಿ ಟೆಕ್ ಕಾಲೇಜು ಹೊಡೆದುಹಾಕಿದೆ. ಅಂದರೆ ಫೈನಲ್ ಶನಿವಾರ, ನಮ್ಮ ಜಿಮ್‌ನಲ್ಲಿ. ಎದುರಿಗೆ ಗ್ರೇಡಿ ಟೆಕ್. ಥೂ, ಆ ಹೆಸರು ಬರೆದರೆ ಪೆನ್ನು ತೊಳೆಯಬೇಕು. ಅವರ ಕೋಚ್, ಅವರ ಬ್ಯಾಂಡ್, ಅವರ ಕಿತ್ತಳೆ ಬಣ್ಣ, ಯಾವುದೂ ಆಗದು.

ವರ್ಲಿನ್ ಇಳಿಯುವಾಗ ಬಾಗಿಲು ಹಿಡಿದು ನಿಂತ. ಉಸಿರು ಸಾಲುತ್ತಿರಲಿಲ್ಲ.

"ಶನಿವಾರ ಬೇಗ ಬಾ" ಅಂದ.

"ನೀನು ಬದುಕಿದ್ರೆ."

"ಶನಿವಾರದ ತನಕ ಇರ್ತೀನಿ. ಆಮೇಲೆ ನಿನ್ನ ಇಷ್ಟ."

ನಕ್ಕೆ. ಆಮೇಲೆ ಯಾಕೆ ನಕ್ಕೆ ಅಂತ ಸಿಟ್ಟು ಬಂತು.

ಮಾರ್ಚ್ 7

ಟಾನ್ಯಾ ಮನೆಗೇ ಬಂದಳು. ಕೋಟೂ ತೆಗೆಯಲಿಲ್ಲ.

"ಸೋಮವಾರ ಆಪರೇಷನ್. ನಾಲ್ಕು ದಿನ ಸುಮ್ನಿರೋಕಾಗಲ್ವಾ ನಿಮ್ಮಿಬ್ರಿಗೆ? ಅಪ್ಪ ಅಲ್ಲಿ ಸತ್ರೆ ನಾನು ನಿನ್ನ ಮುಖ ನೋಡಲ್ಲ. ಹೇಳಿದೀನಿ."

"ಅವನಿಗೆ ಹೇಳು."

"ಹೇಳ್ದೆ. 'ಅಮ್ಮನ್ನ ಕೇಳು' ಅಂದ."

ನೋಡಿದೆಯಾ ಅವನ ಬುದ್ಧಿ! ಗಂಡನಾಗಿದ್ದಾಗಲೂ ಇದೇ. ಪ್ರತಿಯೊಂದನ್ನೂ ನನ್ನ ತಲೆಗೆ ಕಟ್ಟುವುದು.

ಮಗಳು ಹೋದ ಮೇಲೆ ಡಾರ್ಲಾಗೆ ಫೋನ್ ಮಾಡಿ, ಶನಿವಾರ ಬರುವುದಿಲ್ಲ, ಅವನನ್ನು ಕಟ್ಟಿಹಾಕು ಅಂದೆ. ನಿಜವಾಗಿಯೂ ಅಂದೆ. ಅವಳು "ಥ್ಯಾಂಕ್ಸ್" ಅಂದಳು. ಅದು ಇನ್ನೂ ಉರಿಸಿತು.

ಮಾರ್ಚ್ 9, ಶನಿವಾರ, ಮಧ್ಯಾಹ್ನ

ಬಾಗಿಲು ಬಡಿದ ಸದ್ದು. ವರ್ಲಿನ್. ಒಬ್ಬನೇ ನಡೆದುಕೊಂಡು ಬಂದಿದ್ದಾನೆ, ಈ ಎದೆ ಇಟ್ಟುಕೊಂಡು! ಮೆಟ್ಟಿಲ ಮೇಲೆ ಕೂತು ಉಸಿರು ಎಳೆಯುತ್ತಿದ್ದಾನೆ. ಡಾರ್ಲಾ ಕೌಂಟರ್ ತೆರೆಯಲು ಜಿಮ್‌ಗೆ ಹೋದದ್ದೇ ಗೇಟು ದಾಟಿದನಂತೆ.

"ಎಬ್ಬಿಸ್ಕೊಂಡು ಹೋಗ್ತೀಯೋ, ತೆವಳ್ಕೊಂಡು ಹೋಗ್ಲೋ?"

ನಮ್ಮ ತಂಡದ ಹೆಸರು ಹೇಸರಗತ್ತೆಗಳು. ಮೊಂಡುತನಕ್ಕೆ ಇನ್ನೊಂದು ಹೆಸರು, ಸುಮ್ಮನೆ ಇಟ್ಟಿದ್ದಾರೆಯೇ.

ಹೊರಟೆ.

ಮಾರ್ಚ್ 11, ಸೋಮವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಕೊನೆಯ ನಿಮಿಷ. ನಾವು ಒಂದು ಅಂಕ ಮುಂದೆ. ಟೈಮ್‌ಔಟ್. ಬ್ಯಾಂಡ್ ಬಡಿಯುತ್ತಿದೆ, ಇಡೀ ಜಿಮ್ ಎದ್ದು ಕುಣಿಯುತ್ತಿದೆ, ನಾವಿಬ್ಬರು ಮಾತ್ರ ಕೂತಿದ್ದೇವೆ. ನನ್ನ ಮೊಣಕೈ ಕೈಯೊರಗಿನ ಮೇಲಿತ್ತು. ಪೂರ್ತಿ. ಯಾರೂ ತಳ್ಳುತ್ತಿರಲಿಲ್ಲ.

ತಿರುಗಿ ನೋಡಿದೆ. ಮುಖ ಬೂದಿ ಬಣ್ಣ. ಟೋಪಿಯ ಕೆಳಗಿನಿಂದ ಬೆವರು. ಒಂದು ಕೈ ದವಡೆ ಹಿಡಿದಿದೆ.

"ವರ್ಲಿನ್. ಎದೇನಾ?"

"ಆಟ ನೋಡು."

"ಆಂಬುಲೆನ್ಸ್‌ನವ್ರು ಬಾಗ್ಲಲ್ಲೇ ಇದಾರೆ. ಕರೀತೀನಿ."

"ಏಳ್ಬೇಡ ಕಣೇ. ಒಂದು ನಿಮಿಷ. ಏಳ್ಬೇಡ."

"ಸಾಯ್ತೀಯ."

"ಟಾನ್ಯಾ ಹುಟ್ಟೋವಾಗ ನೀನು ಎದ್ದೆಯಾ?"

ಕೂತೆ. ಇದನ್ನು ಓದುವವರು ಯಾರೂ ಇಲ್ಲ, ಸುಳ್ಳೇಕೆ. ಕೂತೇ ಇದ್ದೆ. ಗಡಿಯಾರ ನೋಡಿದೆ. ಆಟ ಶುರುವಾಯಿತು. ಗ್ರೇಡಿಯವರು ಕೂಟ್ಸ್‌ನನ್ನು ಹಿಡಿದು ಎಳೆದರು. ಫೌಲ್. ಎರಡು ಫ್ರೀ ಥ್ರೋ, ಯಾರೂ ಅಡ್ಡ ಬಾರದ ಎಸೆತ. ಕೂಟ್ಸ್! ಈ ಸೀಸನ್ ಫ್ರೀ ಥ್ರೋ ತಪ್ಪಿಸಿದ್ದೇ ಅಪರೂಪ. ಎರಡೂ ಹಾಕಿದರೆ ಮುಗಿಯಿತು. ಮೂವತ್ತು ವರ್ಷ ಕಾದದ್ದು ಕೈಗೆ ಬಂತು. ಹುಡುಗ ಗೆರೆಗೆ ಬಂದು ಚೆಂಡು ಪುಟಿಸಿದ. ಪಕ್ಕದಲ್ಲಿ ವರ್ಲಿನ್ ತಲೆ ನನ್ನ ಭುಜಕ್ಕೆ ಬಿತ್ತು.

ಎದ್ದೆ. ಕಿರುಚಿದೆ. ಬಸ್ಸಿನಲ್ಲಿ ಕೂಗುತ್ತಿದ್ದ ದನಿ, ಇಡೀ ಜಿಮ್‌ಗೆ ಕೇಳಿಸಿತು. ಕೂಟ್ಸ್ ತಿರುಗಿ ನೋಡಿದನಂತೆ. ನಾನು ನೋಡಲಿಲ್ಲ. ವರ್ಲಿನ್‌ನ ಜರ್ಸಿ ಹರಿಯುತ್ತಿದ್ದೆ. ಡಾರ್ಲಾ ಪಾಪ್‌ಕಾರ್ನ್ ಏಪ್ರನ್‌ನಲ್ಲೇ ಓಡಿಬಂದಳು. ಆಂಬುಲೆನ್ಸ್‌ನವರು ಅವನ ಎದೆ ಒತ್ತುತ್ತಿದ್ದಾಗ ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ಅದನ್ನು ನೋಡಲಿಲ್ಲ, ಜನರ "ಅಯ್ಯೋ" ಕೇಳಿದೆ. ಸ್ಟ್ರೆಚರ್ ಬಾಗಿಲು ದಾಟುವಾಗ ಆಟ ಮುಗಿದ ಸೈರನ್ ಕೂಗಿತು. ಅಷ್ಟರಲ್ಲಿ ಗ್ರೇಡಿಯವರು ಒಂದು ಹಾಕಿಬಿಟ್ಟಿದ್ದರು. ಒಂದು ಮೂಲೆಯಲ್ಲಿ ಮಾತ್ರ ಕಿತ್ತಳೆ ಬಣ್ಣದವರ ಕೇಕೆ.

ಅವನು ಬದುಕಿದ್ದಾನೆ. ಅವತ್ತೇ ಎದೆ ಕೊಯ್ದರು.

ನಾವು ಸೋತೆವು.

ಮಾರ್ಚ್ 14

ಊರಿಡೀ ಗೊತ್ತು. ಕಾಫಿ ಕುಡಿಯಲು ಹೋದರೆ ಎಲ್ಲರ ಮಾತು ನಿಲ್ಲುತ್ತದೆ. ನಮ್ಮ ಹಿಂದಿನ ಸಾಲಿನಲ್ಲಿ ಕೂರುವ ಒಟಿಸ್ ಎದುರಿಗೇ ಬಂದ.

"ಪಾಪ, ನೀವೇನ್ ಮಾಡ್ತೀರ ಬಿಡಿ, ರೋವೀನಾ" ಅಂದ. "ಆದ್ರೂ... ಒಂದು ಹತ್ತು ಸೆಕೆಂಡು ತಡೆದಿದ್ರೆ?"

"ನಿನ್ನ ಹೆಂಡ್ತಿ ಬಿದ್ದಾಗ ನೀನು ತಡಿ" ಅಂದೆ. ಕಾಫಿ ಅರ್ಧ ಬಿಟ್ಟು ಬಂದೆ.

ಆದರೆ ಅವನು ಹೇಳಿದ್ದು ಸರಿ. ಹತ್ತು ಸೆಕೆಂಡು. ನಾನು ಎದ್ದೆ, ಕೂಟ್ಸ್ ತಪ್ಪಿಸಿದ. ಹುಡುಗನ ಮುಖ ಪೇಪರಿನಲ್ಲಿ ಬಂದಿದೆ. ಟವೆಲ್ ಮುಚ್ಚಿಕೊಂಡಿದ್ದಾನೆ.

ಆಸ್ಪತ್ರೆಗೆ ಎರಡು ಸಲ ಹೋದೆ. ಎರಡು ಸಲವೂ ವರ್ಲಿನ್ ನನ್ನನ್ನು ಕಂಡು ಗೋಡೆ ಕಡೆ ತಿರುಗಿಕೊಂಡ. ಡಾರ್ಲಾ ಹೊರಗೆ ಬಂದು ನನಗೆ ಕಾಫಿ ತಂದುಕೊಟ್ಟಳು. ಕುಡಿಯಲಿಲ್ಲ. ಸ್ವಲ್ಪ ಕುಡಿದೆ.

ಮಾರ್ಚ್ 21, ಗುರುವಾರ, ಆಸ್ಪತ್ರೆ

ಡಾರ್ಲಾ ಫೋನ್ ಮಾಡಿ, "ಬನ್ನಿ ಅಂತಿದಾರೆ. ಗ್ರೇಡಿಯವ್ರ ಆಟ ಇದೆಯಂತೆ" ಅಂದಳು. ರಾಷ್ಟ್ರೀಯ ಪಂದ್ಯಾವಳಿ, ಮೊದಲ ಸುತ್ತು. ಅಲ್ಲಿ ನಾವಿರಬೇಕಾಗಿತ್ತು.

ಬಂದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ.

"ಅಲ್ಲಲ್ಲ. ಎಡಕ್ಕೆ" ಅಂದ. ಡಾರ್ಲಾ ಎದ್ದು ಜಾಗ ಬಿಟ್ಟಳು.

ಟಿವಿ ನೋಡುತ್ತಲೇ ಹೇಳಿದ, "ಎದ್ದೆಯಲ್ಲಾ."

"ಎದ್ದೆ."

"ಕೂಟ್ಸ್ ಎರಡೂ ಹಾಕ್ತಿದ್ದ."

"ಹಾಕ್ತಿದ್ದ. ನೀನು ಪೆಟ್ಟಿಗೇಲಿ ಮಲ್ಕೊಂಡು ಚಪ್ಪಾಳೆ ತಟ್ತಿದ್ದೆ."

"ಮೂವತ್ತು ವರ್ಷ ಕಾದಿದ್ವಲ್ಲೇ ರೋವೀನಾ."

ಅವನ ಕಣ್ಣು ತುಂಬಿತ್ತು. ನನ್ನದೂ. ನೋಡಲಾರದೆ ಟಿವಿ ಕಡೆ ತಿರುಗಿದೆ. ಆ ಸೋಲು ನನಗೆ ಸಾಯುವ ತನಕ ಮರೆಯುವುದಿಲ್ಲ. ಅವನು ಹೋಗಿದ್ದರೂ ಮರೆಯುತ್ತಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಅಂತ ಆ ದಿನ ಯಾರೂ ನನ್ನನ್ನು ಕೇಳಲಿಲ್ಲ. ಕಾಲೇ ಎದ್ದು ನಿಂತಿತು.

"ಮುಂದಿನ ವರ್ಷ ಏಳಲ್ಲ" ಅಂದೆ. "ಅಲ್ಲೇ ಸಾಯಿ."

"ಮಾತು ಕೊಡು."

"ಕೊಟ್ಟೆ, ಹೋಗು."

"ಡಾರ್ಲಾ, ಕೇಳಿಸ್ಕೊಂಡ್ಯಾ? ಸೀಟು ರದ್ದು ಮಾಡ್ಬೇಡ."

"ನಿಮ್ಮಿಬ್ರಿಗೂ ಹುಚ್ಚಾಸ್ಪತ್ರೆ ಸರಿ" ಅಂದಳು ಡಾರ್ಲಾ. ಮೊದಲ ಸಲ ಅವಳ ಮಾತು ಒಪ್ಪಿದೆ.

ಈಗ ಮಧ್ಯಂತರ ವಿರಾಮ. ಗ್ರೇಡಿ ಹತ್ತೊಂಬತ್ತು ಅಂಕ ಹಿಂದೆ. ಮೂವರೂ ಬಾಯಿಗೆ ಬಂದ ಹಾಗೆ ಬೈದೆವು. ನರ್ಸ್ ಎರಡು ಸಲ ಬಂದು ಗದರಿದಳು. ಡಾರ್ಲಾಗೂ ಬೈಯಲು ಬರುತ್ತದೆ, ಗೊತ್ತಿರಲಿಲ್ಲ.

ಮಂಚದ ಕಂಬಿಗೆ ಮೊಣಕೈ ಊರಿ, ತೊಡೆಯ ಮೇಲೆ ಈ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ದ್ವಿತೀಯಾರ್ಧ ಶುರುವಾಯಿತು. ಏನೋ ನನ್ನ ಮೊಣಕೈಯನ್ನು ತಳ್ಳುತ್ತಿದೆ. ನೋಡಿದರೆ ಅವನ ಕೈ, ಸೂಜಿ, ಟ್ಯೂಬು ಎಲ್ಲ ಸಮೇತ. ಇಷ್ಟಗಲ ಮಂಚವಿದ್ದರೂ ದರಿದ್ರದವನಿಗೆ ಈ ಕಂಬಿಯೇ ಬೇಕು. ತಳ್ಳಿದೆ. ಮತ್ತೆ ತಳ್ಳಿದ. ಬಲ ಬಂದಿದೆ ಮುದುಕನಿಗೆ. ಬರೆಯಲೂ ಬಿಡುತ್ತಿಲ್ಲ, ಅಕ್ಷರ ಎಲ್ಲ ಸೊಟ್ಟ—