ಅರ್ಧ ಇಂಚು ಬಿಗಿ

ಜೂನ್ 3, ಸೋಮವಾರ
ಎರಡು ಪ್ಯಾಂಟು ಮುಗೀತು. ಮೂರನೆಯದಕ್ಕೆ ಜಿಪ್ ಹಾಕಬೇಕು. ಮನಸ್ಸಿಲ್ಲ. ಹೆಂಡತಿ ಇಂಗ್ಲಿಷ್ ಕ್ಲಾಸಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು — "ರೀ, ಇವತ್ತು 'ವಾಂಟ್'. ಬೇಕು ಅಂತ. ಹಿಂದೆಲ್ಲ ಅದಕ್ಕೆ 'ಇಲ್ಲ, ಕಮ್ಮಿ ಇದೆ' ಅಂತಲೇ ಅರ್ಥವಂತೆ. ಯಾವುದೋ ಚಳಿದೇಶದಿಂದ ಇಂಗ್ಲಿಷಿಗೆ ಬಂತಂತೆ. ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ."
ಗೊತ್ತಿಲ್ಲ. ಐದನೇ ಕ್ಲಾಸಿಗೇ ಬಿಟ್ಟವನಿಗೆ ಏನು ಗೊತ್ತಿರುತ್ತೆ. ಇಲ್ಲದ್ದು ಬೇಕು ಅನ್ಸುತ್ತೆ... ಇದಕ್ಕೂ ಒಂದು ಕ್ಲಾಸಾ. ಅವಳ ಮುಖ ಇಷ್ಟು ಅರಳಿದ್ದು ಯಾವಾಗ ನೋಡಿದ್ದೆ.

ಜೂನ್ 5
ಮೇಷ್ಟ್ರು ಶರ್ಟಿನ ಬಟ್ಟೆ ಕಳಿಸಿದ್ದಾರೆ. ಅವಳ ಕೈಲೇ. ಅಳತೆಗೆ ಒಂದು ಹಳೇ ಶರ್ಟು. ಅಳತೆ ಬರೆದುಕೊಂಡು ಅದನ್ನು ಮಡಿಸಿಟ್ಟಳು — ನನ್ನ ಅಂಗಿ ಹಾಗೆ ಮಡಿಸಿದ್ದಾಳಾ? ಮಡಿಸಿರಬಹುದು. ನೋಡಿಲ್ಲ.
"ದೊಡ್ಡವರ ಹತ್ರ 'ಐ ವಾಂಟ್' ಅನ್ನಬಾರದಂತೆ, ಒರಟಾಗುತ್ತೆ. 'ಐ ವುಡ್ ಲೈಕ್' ಅನ್ಬೇಕಂತೆ."
"ಇದನ್ನೂ ಮೇಷ್ಟ್ರೇ ಹೇಳಿದ್ರಾ?"
"ಮತ್ತೆ ಕಟಿಂಗ್ ಶಾಪಿನವನು ಹೇಳ್ತಾನಾ?" ನಕ್ಕಳು.
ನನಗೆ ನಗು ಬರಲಿಲ್ಲ.

ಜೂನ್ 8, ಮಧ್ಯಾಹ್ನ
ಕಾಲರು ಅರ್ಧ ಇಂಚು ಬಿಗಿ ಇಟ್ಟೆ. ತಪ್ಪು ಅಂತ ಗೊತ್ತು. ಆದರೂ ಇಟ್ಟೆ. ಪಾಠ ಹೇಳುವಾಗ ಗಂಟಲು ಹಿಡೀಲಿ.

ಜೂನ್ 14
ಶರ್ಟು ಹೋಯ್ತು, ಜೊತೆಗೆ ನನ್ನ ನಿದ್ದೆಯೂ.
ಸಂಜೆ ಕ್ಲಾಸಿನ ಕಿಟಕಿ ಹೊರಗೆ ನಿಂತೆ. 'ವಾಂಟ್' ಹಾಕಿ ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ಒಬ್ಬರಿಗೆ ಸ್ಕೂಟರು, ಒಬ್ಬರಿಗೆ ಪ್ರಮೋಷನ್. ಇವಳೂ ಏನೋ ಅಂದಳು. ನನಗೆ ಅರ್ಥವಾಗಿದ್ದು 'ಹಸ್ಬೆಂಡ್' ಒಂದೇ.
ಮೇಷ್ಟ್ರು ಹೊಸ ಶರ್ಟಿನ ಮೇಲಿನ ಗುಂಡಿ ಬಿಚ್ಚಿಕೊಳ್ಳುತ್ತ ಕನ್ನಡದಲ್ಲೇ ಕೇಳಿದರು, "ಯಜಮಾನರೂ ಪಕ್ಕದಲ್ಲಿ ಕೂತು ಕಲೀಬೇಕು ಅಂತೀರಾ? ಕರ್ಕೊಂಡು ಬನ್ನಿ ಮತ್ತೆ."
"ಬರಲ್ಲ ಸರ್. ಅವರಿಗೆ ನಾಚಿಕೆ."
ಕಿಟಕಿ ಕೆಳಗೇ ಕೂತುಬಿಟ್ಟೆ.

ಜೂನ್ 15
ಮೇಷ್ಟ್ರೇ ಅಂಗಡಿಗೆ ಬಂದರು. "ನಾನೇ ದಪ್ಪ ಆಗಿದೀನಿ ಅನ್ಸುತ್ತೆ ಟೈಲರೇ, ಕತ್ತು ಹಿಡಿಯುತ್ತೆ. ಸ್ವಲ್ಪ ನೋಡಿ." ಶರ್ಟು ಇಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.
ಅವಳು ಟೇಪು ಹಿಡಿದು ಕಾಲರು ಅಳೆದಳು. ತಾನು ಬರೆದಿಟ್ಟ ಅಳತೆ ನೋಡಿದಳು.
"ನಿಮ್ಮ ಕೈ ನೂಲಿನಷ್ಟೂ ತಪ್ಪಲ್ಲ. ಬೇಕಂತಲೇ ಮಾಡಿದೀರ."
ಗುಂಡಿ ಡಬ್ಬಿ ತಡಕಾಡಿದೆ.
ಟೇಪು ಸುತ್ತಿಟ್ಟಳು. "ಬೇರೆ ಕಾಲರು ಹಾಕಿ. ನೀವೇ ಬಂದು ಕೊಡಿ. ಸಂಜೆ ಕ್ಲಾಸಿದೆ."
"ನನಗೆ ಎ ಬಿ ಸಿ ಪೂರ್ತಿ ಬರಲ್ಲ ಕಣೇ."
"ಅದಕ್ಕೇ ಬನ್ನಿ ಅಂದಿದ್ದು."
ಉಳಿದ ಬಟ್ಟೆಯಲ್ಲಿ ಕಾಲರು ಕತ್ತರಿಸಿ ಹಾಕಿದೆ. ಸರಿಯಾದ ಅಳತೆ. ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಊರಿಗೆಲ್ಲ ಹೊಲಿಯೋನು, ಹಾಕ್ಕೊಂಡು ಹೋಗೋಕೆ ನನಗೊಂದು ನೆಟ್ಟಗಿನ ಅಂಗಿ... 'ವಾಂಟ್'.