ಹುಡುಗನ ಊರು ನೋಡಿ ಬಂದೆ

ಸಟನ್, ಲಂಡನ್, ಮಂಗಳವಾರ

ಅಕ್ಸ್‌ಬ್ರಿಡ್ಜಿನ ಮಗ ಪರಪ್ಪನಿಗೆ ಅವ್ವ ಬರೆಯುವುದು. ಫೋನಿನಲ್ಲಿ ನೀನು ಪೂರ್ತಿ ಮಾತಾಡಗೊಡುವುದಿಲ್ಲ, ಅದಕ್ಕೇ ಈ ಕಾಗದ.

"ನೋಡಿ ಬಾ ಅವ್ವಾ, ಆಮ್ಯಾಲೆ ಅಕೀಗೆ ಬ್ಯಾಡಂತ ಹೇಳು" ಎಂದು ನನ್ನನ್ನು ನಿನ್ನ ಮಗಳು ಸೌಜನ್ಯಾಳ ಜೊತೆ ಫ್ರಾನ್ಸಿಗೆ ಕಳಿಸಿದೆಯಲ್ಲ, ಅವಳು ಮೆಚ್ಚಿದ ಹುಡುಗನ ಊರು ನೋಡಿ ಬಂದೆ. ಊರು ನಮ್ಮ ಓಣಿಯಷ್ಟೇ. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿ ಎರಡು ತಾಸು ಊಟಕ್ಕೆ ಕೂರುತ್ತಾರೆ. ಅಷ್ಟು ಹೊತ್ತು ಏನು ಉಣ್ಣುತ್ತಾರೋ ಎಂದು ಕಿಟಕಿಯಲ್ಲಿ ಇಣುಕಿದೆ. ತುತ್ತು ಕಡಿಮೆ, ಮಾತೇ ಹೆಚ್ಚು.

ಹುಡುಗನ ಗುಣವನ್ನು ಅವನ ಮನೆಯಲ್ಲಿ ಕೇಳಬಾರದು, ಓಣಿಯಲ್ಲಿ ಕೇಳಬೇಕು. ಬ್ರೆಡ್ ಅಂಗಡಿಯವಳನ್ನು ಕೇಳಿದೆ. ಅವಳ ಮಾತನ್ನು ಕನ್ನಡದಲ್ಲಿ ಹೇಳಿದವಳು ನಿನ್ನ ಮಗಳೇ! "ಭಾಳ ಛಲೋ ಹುಡುಗ ಅಂತ, ಅಜ್ಜಿ." ಬೆಣ್ಣೆ ತಿಂದ ಬೆಕ್ಕನ್ನೇ ಸಾಕ್ಷಿಗೆ ಕರೆದಂತಾಯಿತು.

ಮರುದಿನ ಅದೇ ಅಂಗಡಿಗೆ ಒಬ್ಬಳೇ ಹೋದೆ. ಸೌಜನ್ಯಾ, ಹುಡುಗ ಇಬ್ಬರೂ ನಿಂತ ಫೋಟೊ ತೋರಿಸಿ, ಹುಡುಗನ ಮೇಲೆ ಬೆರಳಿಟ್ಟು ಹುಬ್ಬು ಎತ್ತಿದೆ. ಆಕೆ ಎದುರಿನ ಕ್ಷೌರದವನನ್ನೂ ಕೂಗಿ ಕರೆದಳು. ಇಬ್ಬರೂ ನಕ್ಕು, ಎದೆಯ ಮೇಲೆ ಕೈ ಇಟ್ಟುಕೊಂಡರು. ಕೆಟ್ಟವನ ಹೆಸರಿಗೆ ಊರು ಹಾಗೆ ನಗುವುದಿಲ್ಲ. ಆಮೇಲೆ ಆಕೆ ಸೌಜನ್ಯಾಳ ಮೇಲೆ ಬೆರಳಿಟ್ಟು, ನನ್ನ ಹಾಗೆಯೇ ಹುಬ್ಬು ಎತ್ತಿದಳು. ನೋಡು, ಅವರೂ ನಮ್ಮ ಹುಡುಗಿಯನ್ನು ವಿಚಾರಿಸುತ್ತಿದ್ದಾರೆ!

ನಾನೂ ಎದೆಯ ಮೇಲೆ ಕೈ ಇಟ್ಟು ಬಂದಿದ್ದೇನೆ. ಬೇಡ ಎನ್ನುವುದಿದ್ದರೆ ನೀನೇ ಹೋಗಿ ಅವರಿಗೆ ಹೇಳು. ಇಲ್ಲವಾದರೆ ಭಾನುವಾರ ಹುಡುಗ ಇಲ್ಲಿಗೆ ಊಟಕ್ಕೆ ಬರುತ್ತಾನೆ, ನೀನೂ ಬಾ. ಬರುವಾಗ ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ತಾ. ಇಲ್ಲಿ ಸಿಗುವವು ಕುಂಬಳದಷ್ಟು ದಪ್ಪ.

ನಿನ್ನ ಅವ್ವ,
ಗಿರಿಜವ್ವ