ಹಳದಿ ಮಾಸುವ ವೇಗ

ನವೆಂಬರ್ 3, ಬೆಳಿಗ್ಗೆ 9.20
ಇಂದಿನ ನಾಲ್ಕನೇ ರನ್. ಉಂಗುರದಲ್ಲಿ ನೈಟ್ರೋಜನ್ ಇರುವ ಹಳದಿ ಲವಣ, ನೀರು, ಒಂದಿಷ್ಟು ಕ್ಷಾರ, ಒಂದು ಹನಿ ಅಸಿಟೋನ್. ಕ್ಷಾರ ಸೋಕಿದ ಅಸಿಟೋನ್ ಇನೊಲೇಟ್ ಎಂಬ ಚುರುಕು ರೂಪ ತಾಳಿ ಲವಣದ ಹಳದಿ ಕಣಕ್ಕೆ ಅಂಟಿಕೊಳ್ಳುತ್ತದೆ, ಬಣ್ಣ ಮಾಸುತ್ತದೆ. "ಅಂಟ್ಕೊಳ್ಳೋದೂ ಇದೆ, ಬಿಟ್ಟು ಬರೋದೂ ಇದೆ ಕಣೆ. ಎರಡೂ ಸರಿಸಮ ಆದಾಗ ಬಣ್ಣ ನಿಲ್ಲತ್ತೆ" — ಮೊದಲ ದಿನ ಹೇಳಿಕೊಟ್ಟವನು ಗಡ್ಡದಣ್ಣ, ನನ್ನ ಸೀನಿಯರ್. ಮಾಸುವ ವೇಗ, ನಿಲ್ಲುವ ಜಾಗ... ಅವನ ಮೂರು ವರ್ಷ ಇಷ್ಟಕ್ಕೇ ಹೋಗಿದೆ. ಇನ್ನೆರಡು ವಾರಕ್ಕೆ ಥೀಸಿಸ್ ಕೊಡುತ್ತಾನೆ.

ನವೆಂಬರ್ 5, ಮಧ್ಯಾಹ್ನ
ಬೇರೆ ಲ್ಯಾಬಿನವರು ನಮ್ಮಿಬ್ಬರ ಗೈಡ್ ಆದ ಮೇಷ್ಟ್ರಿಗೆ ಬರೆದಿದ್ದಾರೆ. ಗಡ್ಡದಣ್ಣ ಬರೆದ ಮಾಸುವ ವೇಗ ಅವರು ಅಳೆದದ್ದಕ್ಕಿಂತ ಎರಡು ಪಟ್ಟು.
"ಕೂತಲ್ಲೇ ನಂಬರ್ ಹುಟ್ಟಿಸ್ತೀಯೇನೋ ನನ್ಮಗನೆ!"
ಮೇಷ್ಟ್ರು ಬ್ಯೂರೆಟ್ ಸ್ಟ್ಯಾಂಡಿನ ಕಬ್ಬಿಣದ ಸರಳು ಬಿಚ್ಚಿ ಗಡ್ಡದಣ್ಣನ ಮೇಲೆ ಬೀಸಿದರು. ಮೊದಲನೆಯದು ಹೆಗಲಿಗೆ. ಎರಡನೆಯದು ಅಡ್ಡ ಹಿಡಿದ ಬಲಗೈಗೆ — ಮೂಳೆ ಲಟಕ್ಕೆಂದದ್ದು ಕೇಳಿಸಿತು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡೆ. ಬಿಡಿಸಲು ಹೋಗಲಿಲ್ಲ. ಎಂಥ ಹೇಡಿ ನಾನು! ಆಮೇಲೆ ನೆಲದ ರಕ್ತ ಒರೆಸಿದೆ, ಅಷ್ಟೇ ನನ್ನ ಪೌರುಷ.

ನವೆಂಬರ್ 6, ಸಂಜೆ 5
ಅಸಿಟೋನ್ ಹಾಕದೆಯೇ ಒಂದು ರನ್ ಇಟ್ಟೆ. ಹಳದಿ ಹಾಗೇ ಇರಬೇಕು. ಇರಲಿಲ್ಲ. ಮತ್ತೆ ಇಟ್ಟೆ, ಮತ್ತೆ ಮಾಸಿತು.
ಆಮೇಲೆ ಹೊಳೆಯಿತು. ದ್ರಾವಣ ಹಾಕಿ ಬಣ್ಣ ಅಳೆಯುವ ಗಾಜಿನ ಸೆಲ್ ಬೇಗ ಒಣಗಲಿ ಅಂತ ಕೊನೆಗೆ ಅಸಿಟೋನಿನಲ್ಲಿ ಜಾಲಾಡಿಸುತ್ತೇನೆ. ಎಲ್ಲ ಲ್ಯಾಬಲ್ಲೂ ಮಾಡುತ್ತಾರೆ. ಆದರೆ ಇಲ್ಲಿ ಅಳೆಯುತ್ತಿರುವುದೇ ಅಸಿಟೋನನ್ನು! ತಳದಲ್ಲಿ ಉಳಿದ ಪಸೆ ಸಾಕು, ಬಣ್ಣ ಬೇಗ ಮಾಸಲು. ಮೂರು ವರ್ಷದಿಂದ ಅವನ ಸೆಲ್ ತೊಳೆಯುವವಳು ನಾನೇ. ಅವನು ಕಂಡದ್ದನ್ನೇ ಬರೆದಿದ್ದಾನೆ.

ನವೆಂಬರ್ 7
ಮೇಷ್ಟ್ರಿಗೆ ಹೇಳಿದೆ. "ಸರ್, ಅಣ್ಣನ ತಪ್ಪಲ್ಲ ಅದು. ನಂದು."
ಚಿಲಕ ಹಾಕಿದರು. ಕತ್ತು ಹಿಡಿದು ಗೋಡೆಗೆ ಒತ್ತಿದರು. ಉಸಿರು ಸಿಗಲಿಲ್ಲ.
"ಅದೇ ನಂಬರ್ ಮೇಲೆ ನಂದು ಎರಡು ಪೇಪರ್ ಇದೆ. ಅವನು ಕಳ್ಳ ಅಂದ್ರೆ ಅವನೊಬ್ಬ ಮುಗೀತಾನೆ. ಲ್ಯಾಬಿಗೇ ಸೆಲ್ ತೊಳೆಯೋಕೆ ಬರಲ್ಲ ಅಂದ್ರೆ ನಾನು ಮುಗಿದೆ. ಬಾಯಿ ಬಿಟ್ಯೋ, ನಿನ್ನ ಥೀಸಿಸ್‌ಗೆ ಸಹಿ ಬೀಳಲ್ಲ."
ಚಿಲಕ ತೆಗೆದುಕೊಂಡು ಹೊರಗೆ ಬಂದೆ.

ನವೆಂಬರ್ 19, ಮಧ್ಯಾಹ್ನ
ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ವಿಚಾರಣಾ ಸಮಿತಿ ಗಡ್ಡದಣ್ಣನನ್ನು ಹೊರಹಾಕಿತು. ನನ್ನನ್ನೂ ಕೇಳಿದರು. ಏನೂ ಗೊತ್ತಿಲ್ಲ ಎಂದೆ.
ನಿನ್ನೆ ಅವನು ಲ್ಯಾಬಿಗೆ ಬಂದ. ಬಲಗೈ ಬ್ಯಾಂಡೇಜಿನಲ್ಲಿ, ಎಡಗೈಯಲ್ಲಿ ಸುತ್ತಿಗೆ. ಮೇಷ್ಟ್ರು ಕುರ್ಚಿಯಿಂದ ಏಳುವುದರೊಳಗೆ... ಐದು ಏಟು. ಕೊನೆಯ ಎರಡಕ್ಕೆ ಅವರು ಕೂಗಲೂ ಇಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಳು ಬರಲಿಲ್ಲ. ಸಮಾಧಾನವೂ ಆಗಲಿಲ್ಲ.
ಲಾಕಪ್ಪಿಗೆ ಹೋದೆ. ಕಂಬಿ ಹಿಡಿದು ನಿಂತಿದ್ದ.
"ಒಂದು ನಂಬರೂ ಸುಳ್ಳು ಬರೆದಿಲ್ಲ ಕಣೆ. ನೀನಾದ್ರೂ ನಂಬ್ತೀಯಲ್ಲ?"
"ನಂಬ್ತೀನಿ ಅಣ್ಣ."
"ಹಾಗಾದ್ರೆ ತಪ್ಪಾಗಿದ್ದು ಎಲ್ಲೇ? ಅದೊಂದು ಗೊತ್ತಾದ್ರೆ ಸಾಕು ನಂಗೆ."
ಗಾರ್ಡ್ ಟೈಮಾಯ್ತು ಎಂದ. ಬದುಕಿದೆಯಾ ಬಡಜೀವವೇ ಅಂತ ಹೊರಗೆ ಬಂದೆ.

ನವೆಂಬರ್ 20, ಬೆಳಿಗ್ಗೆ 6
ಅವನಿಗೆ ಕಾಗದ ಬರೆಯುತ್ತೇನೆ. ಮೊದಲು ಇಲ್ಲಿ, ಆಮೇಲೆ ಒಳ್ಳೆಯ ಹಾಳೆಗೆ ನಕಲು.
ಅಣ್ಣಾ, ನಿನ್ನ ಲೆಕ್ಕ ಸರಿಯಿತ್ತು. ಸೆಲ್‌ಗಳನ್ನು ಅಸಿಟೋನಿನಲ್ಲಿ ತೊಳೆದವಳು ನಾನು, ತಪ್ಪಾದದ್ದು ಅಲ್ಲಿ. ನನಗಿದು ಆರನೇ ತಾರೀಕೇ ಗೊತ್ತಾಗಿತ್ತು. ಆಗಲೇ ನಿನಗೆ ಹೇಳದೆ ಇದ್ದದ್ದು ಯಾಕೆಂದರೆ